ಹದಿಮೂರನೇ ತುಂಡು

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನ ಡೆಸ್ಕಿನ ಹತ್ತಿರ ಬಂದು "ಸರ್, ಒಂದು ಸಣ್ಣ ಡೌಟು" ಅಂದ. ಅವನ ಲ್ಯಾಪ್‌ಟಾಪಿನಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ತೆರೆದಿತ್ತು. ಹೊಸ ವರ್ಚುವಲ್ ಮಷೀನ್ ಮಾಡುವಾಗ ಅದು ನಡುವೆ ಒಂದು ಪ್ರಶ್ನೆ ಕೇಳುತ್ತೆ. ಡಿಸ್ಕನ್ನು ಒಂದೇ ಫೈಲಾಗಿ ಇಡಲೋ, ತುಂಡು ಮಾಡಿ ಹಲವು ಫೈಲಾಗಿ ಇಡಲೋ ಅಂತ. "ಯಾವುದು ಒತ್ತಲಿ ಸರ್?"

ಇದಕ್ಕೆ ಎರಡು ನಿಮಿಷದ ಉತ್ತರ ಇದೆ. ನಾನು ಅವನಿಗೆ ಮುಕ್ಕಾಲು ಗಂಟೆ ಹೇಳಿದೆ, ನಡುವೆ ಎರಡು ಸಲ ಕಾಫಿ ಕುಡಿಸಿದೆ. ಪಾಪ, ಅವನು ಇನ್ನೊಮ್ಮೆ ನನ್ನ ಹತ್ತಿರ ಡೌಟು ಕೇಳಲಿಕ್ಕಿಲ್ಲ. ಆದರೆ 2014ರಲ್ಲಿ ಇದೇ ಪ್ರಶ್ನೆಗೆ ಮೊದಲು ಒಂದು ಉತ್ತರ ಒತ್ತಿ, ಆಮೇಲೆ ಇನ್ನೊಂದು ಒತ್ತಿ, ಎರಡರಲ್ಲೂ ಮುಗ್ಗರಿಸಿದವನು ನಾನು. ಕಳಕೊಂಡಿದ್ದು ಮಾತ್ರ ನನ್ನದಲ್ಲ, ಹೊಸದುರ್ಗದ ನಮ್ಮ ಸೋದರಮಾವನದು.

ಕಂಪ್ಯೂಟರ್ ಕೆಲಸದವರಲ್ಲದವರಿಗೆ ಒಂದು ಮಾತು. ವರ್ಚುವಲ್ ಮಷೀನ್ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು. ಒಳಗಿನದಕ್ಕೂ ಒಂದು ಹಾರ್ಡ್ ಡಿಸ್ಕ್ ಬೇಕಲ್ಲ? ಆ ಡಿಸ್ಕು ನಿಜವಾಗಿ ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ಫೈಲು, ಅಷ್ಟೇ. ನಿಮ್ಮ ಮದುವೆ ವಿಡಿಯೋ ಹೇಗೆ ಒಂದು ಫೈಲೋ ಹಾಗೇ. ಅದನ್ನು ಕಾಪಿ ಮಾಡಿದರೆ ಇಡೀ ಕಂಪ್ಯೂಟರನ್ನೇ ಕಾಪಿ ಮಾಡಿದ ಹಾಗೆ. ಆ ಫೈಲನ್ನು ಇಡಿಯಾಗಿ ಇಡುವುದೋ, ಹಲವು ತುಂಡು ಮಾಡಿ ಇಡುವುದೋ ಅನ್ನೋದೇ ಆ ಪ್ರಶ್ನೆ.

ನಮ್ಮ ಮಾವನ ಅಂಗಡಿ ಹೊಸದುರ್ಗದ ತಾಲ್ಲೂಕು ಕಚೇರಿಗೆ ಕೂಗಳತೆ ದೂರದಲ್ಲಿದೆ. ಹೊರಗೆ 'ಟೈಪಿಂಗ್ ಮತ್ತು ಜೆರಾಕ್ಸ್' ಅಂತ ಬೋರ್ಡು. ಮೊದಲು ಕನ್ನಡ ಟೈಪ್‌ರೈಟರ್ ಇತ್ತು. ನಾನು ಬೇಸಿಗೆ ರಜಕ್ಕೆ ಹೋದಾಗ ಅದರ ರಿಬ್ಬನ್ನಿಗೆ ಬೆರಳು ತೂರಿಸಿ ಮಸಿ ಮಾಡಿಕೊಂಡು ಬೈಸಿಕೊಂಡಿದ್ದು ನೆನಪಿದೆ. ಆಮೇಲೆ 2005ರಲ್ಲಿ ಒಂದು ಕಂಪ್ಯೂಟರ್ ತಂದ. ವಿಂಡೋಸ್ ಎಕ್ಸ್‌ಪಿ, 40 ಜಿಬಿ ಡಿಸ್ಕು, ನುಡಿ ತಂತ್ರಾಂಶ. ಪಾಲುಪಟ್ಟಿ, ಕ್ರಯಪತ್ರ, ಅಫಿಡವಿಟ್ಟು, ವಂಶವೃಕ್ಷ, ಬೋರ್‌ವೆಲ್ ಸಬ್ಸಿಡಿ ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲಾ ಅದರಲ್ಲೇ. ಸುತ್ತ ಹಳ್ಳಿಯ ಅಣ್ಣತಮ್ಮಂದಿರು ಒಂದಾಗಿದ್ದಿದ್ದು, ಬೇರೆಯಾಗಿದ್ದು, ಮತ್ತೆ ಜಗಳ ಆಡಿದ್ದು ಎಲ್ಲದರ ದಾಖಲೆ ಆ ಡಬ್ಬಿಯಲ್ಲಿತ್ತು.

2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್‌ನವರು ಎಕ್ಸ್‌ಪಿಗೆ ಬೆಂಬಲ ಕೊಡುವುದನ್ನು ನಿಲ್ಲಿಸಿದರು. ಪೇಪರಿನಲ್ಲಿ ಓದಿದ ಮಾವ ಫೋನ್ ಮಾಡಿದ.

"ಏನೋ ಅಳಿಯ, ಎಕ್ಸ್‌ಪಿ ಸತ್ತೋಯ್ತಂತೆ? ನನ್ ಕಂಪ್ಯೂಟ್ರು ಇನ್ನೂ ಓಡ್ತಾ ಐತಲ್ಲೋ?"

"ಓಡ್ತೈತೆ ಮಾವ. ಅಪ್‌ಡೇಟ್ ಬರಲ್ಲ ಅಷ್ಟೆ."

"ಅಪ್‌ಡೇಟ್ ಯಾವತ್ತು ಬಂದಿತ್ತು ಬಿಡು. ಆದ್ರೆ ಒಂದ್ ವಾರದಿಂದ ಒಳಗೆ ಯಾರೋ ಅಡಿಕೆ ಕತ್ತರಿಸಿದಂಗೆ ಕಟ್ ಕಟ್ ಅಂತೈತೆ."

ಎಕ್ಸ್‌ಪಿ ಸತ್ತದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಆ ಕಟ್ ಕಟ್ ಕೇಳಿ ಎದೆ ಝಲ್ಲೆಂದಿತು. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಮಾಡುವ ಸದ್ದು ಅದು. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತಿದೆ. ಹಿರಿಯೂರಿನಲ್ಲಿ ಇಳಿದು ನಮ್ಮೂರಿಗೆ ಹೋಗಿ ಅಮ್ಮನ ಕೈಯ ಮುದ್ದೆ ಉಂಡು ಬರಬಹುದಿತ್ತು. ಆದರೂ ಇಳಿಯದೆ ಬೆಳಗಾಗುವಷ್ಟರಲ್ಲಿ ಹೊಸದುರ್ಗ ಸೇರಿದೆ. ಅಷ್ಟರ ಮಟ್ಟಿಗೆ ಗಂಭೀರವಾಗಿದ್ದೆ.

ಆಗ ನನಗೆ ಕೆಲಸಕ್ಕೆ ಸೇರಿ ಮೂರು ವರ್ಷ. ಚಿತ್ರದುರ್ಗದಲ್ಲಿ ಬಿಇ ಮುಗಿಸಿ ಬೆಂಗಳೂರು ಸೇರಿದ ಹುಡುಗ, ಕಂಪ್ಯೂಟರಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಅನ್ನುವ ವಯಸ್ಸು. ಮಾಡಬೇಕಾಗಿದ್ದ ಸರಳ ಕೆಲಸ ಏನು ಹೇಳಿ? ಮಾವನ ಡಾಕ್ಯುಮೆಂಟುಗಳು ಇದ್ದ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಕಾಪಿ ಮಾಡುವುದು. ಅರ್ಧ ಗಂಟೆ ಸಾಕಿತ್ತು. ನಾನು ಅದನ್ನು ಮಾಡಲಿಲ್ಲ. ಇಂಜಿನಿಯರ್ ಅಲ್ಲವೇ? ಇಡೀ ಕಂಪ್ಯೂಟರನ್ನೇ ಎತ್ತಿ ವರ್ಚುವಲ್ ಮಷೀನ್ ಮಾಡಿ, ಹೊಸ ಕಂಪ್ಯೂಟರಿನೊಳಗೆ ಹಳೆಯದು ಹಾಗೇ ಓಡುವ ಹಾಗೆ ಮಾಡಿಕೊಡ್ತೀನಿ ಅಂದೆ.

ಅದಕ್ಕೆ ಕಾರಣವೂ ಇತ್ತು ಅನ್ನಿ. ಮಾವನ ಫೈಲುಗಳೆಲ್ಲ ಯೂನಿಕೋಡ್ ಅಲ್ಲ, ಹಳೇ ನುಡಿ ಫಾಂಟಿನವು. ಆ ಫಾಂಟು ಇಲ್ಲದ ಕಡೆ ತೆರೆದರೆ ಪಾಲುಪಟ್ಟಿ ಹೋಗಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಜೊತೆಗೆ ಒಂದು ಮುದಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಎಲ್ಲಕ್ಕಿಂತ ಹೆಚ್ಚಾಗಿ ಮಾವನ ಬೆರಳು. ಯಾವ ಐಕಾನ್ ಎಲ್ಲಿದೆ ಅಂತ ನೋಡದೆ ಒತ್ತುವವನಿಗೆ ಎಲ್ಲವೂ ಇದ್ದಲ್ಲೇ ಇರಬೇಕು.

ಹಳೇ ಕಂಪ್ಯೂಟರನ್ನು ವರ್ಚುವಲ್ ಮಾಡಲು ವಿಎಂವೇರ್ ಕನ್ವರ್ಟರ್ ಅಂತ ಒಂದು ಪುಕ್ಕಟೆ ತಂತ್ರಾಂಶ ಇತ್ತು. ಅದನ್ನು ಹಾಕಿ, ಕೇಬಲ್ ಎಳೆದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅದೂ ಅದೇ ಪ್ರಶ್ನೆ ಕೇಳಿತು. ಇಡಿಯೋ, ಎರಡು ಜಿಬಿಯ ತುಂಡುಗಳೋ? ಯೋಚಿಸಲೇ ಇಲ್ಲ, ಇಡಿ ಅಂದೆ. ಒಂದು ಡಿಸ್ಕು, ಒಂದು ಫೈಲು. ನೋಡೋಕೆ ಚೆಂದ, ಓದುವುದು ಬರೆಯುವುದೂ ಒಂದು ಕೂದಲೆಳೆ ವೇಗ ಅಂತ ಎಲ್ಲೋ ಓದಿದ್ದೆ.

ಯುಪಿಎಸ್ ಬ್ಯಾಟರಿ ಸತ್ತಿತ್ತು. ಕರೆಂಟು ಹೋದರೆ ಎಲ್ಲಾ ಮೊದಲಿಂದ. ಮಾವ ಬಾಗಿಲಲ್ಲಿ ನಿಂತು ಟ್ರಾನ್ಸ್‌ಫಾರ್ಮರ್ ಕಡೆ ನೋಡುತ್ತಾ, ಬಂದ ಗಿರಾಕಿಗಳನ್ನೆಲ್ಲ "ಸೋಮವಾರ ಬಾರಪ್ಪ" ಅಂತ ಕಳಿಸುತ್ತಿದ್ದ. ಕರೆಂಟು ಹೋಗಲಿಲ್ಲ. ಮೂರು ಗಂಟೆಯ ಮೇಲೆ, 13 ಜಿಬಿಯ ಒಂದು ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಬಂದು ಕೂತಿತು. ಆನ್ ಮಾಡಿದೆ. ಎಕ್ಸ್‌ಪಿಯ ಆ ಹಸಿರು ಗುಡ್ಡ, ನೀಲಿ ಆಕಾಶ ಬಂತು. ಮಾವ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ನುಡಿ ತೆರೆದು ಒಂದು ಸಾಲು ಟೈಪ್ ಮಾಡಿದ. "ಅಳಿಯ, ಇದು ಪರಕಾಯ ಪ್ರವೇಶ ಕಣೋ" ಅಂದ. ಅವತ್ತು ಸಂಜೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ನನ್ನ ಪರಿಚಯ ಮಾಡಿಸಿದ.

ತಾಪತ್ರಯ ಶುರುವಾಗಿದ್ದು ಭಾನುವಾರ. ಹೊಸ ಕಂಪ್ಯೂಟರಿಗೆ ಚಿತ್ರದುರ್ಗದಲ್ಲಿ ಹೇಳಿದ್ದೆವು, ಬರುವುದು ಬುಧವಾರ. ನಾನು ಭಾನುವಾರ ಸಂಜೆಯೇ ಹೊರಡಬೇಕು. ಹಾಗಾಗಿ ಆ ಫೈಲನ್ನು ಮಾವನ 32 ಜಿಬಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ, ಬುಧವಾರ ಫೋನಿನಲ್ಲೇ ಹೇಳಿ ಹಾಕಿಸಬಹುದು ಅಂತ ಲೆಕ್ಕ. ಕಾಪಿ ಒತ್ತಿದೆ. ಫೈಲು ತೀರಾ ದೊಡ್ಡದು, ಹಿಡಿಸಲ್ಲ ಅಂತ ಬಂತು.

"32 ಜಿಬಿ ಐತೆ, 13 ಹಿಡಿಸಲ್ಲ ಅಂತೈತಾ? ಮೋಸ ಕಣೋ ಇದು" ಅಂದ ಮಾವ.

ಮೋಸ ಅಲ್ಲ. ಪೆನ್‌ಡ್ರೈವುಗಳು ಸಾಮಾನ್ಯವಾಗಿ ಫ್ಯಾಟ್32 ಅನ್ನೋ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತಿದ್ದವು. ಆ ಪದ್ಧತಿಯಲ್ಲಿ ಪ್ರತಿ ಫೈಲಿನ ಅಳತೆ ಬರೆದುಕೊಳ್ಳಲು 32 ಬಿಟ್‌ನಷ್ಟೇ ಜಾಗ. ಅದರಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ 4 ಜಿಬಿಗೆ ಒಂದು ಬೈಟು ಕಡಿಮೆ. ಚೀಲ ಎಷ್ಟೇ ದೊಡ್ಡದಿರಲಿ, ಬಾಯಿ ಅಷ್ಟೇ. ಕುಂಬಳಕಾಯಿಯನ್ನು ಹೋಳು ಮಾಡದೆ ಒಳಗೆ ಹಾಕೋಕಾಗಲ್ಲ. ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದರೆ ಆಗುತ್ತಿತ್ತು. ಆದರೆ ಅದರಲ್ಲಿ ಮಾವನ ಮಗಳ ಮದುವೆ ಫೋಟೋಗಳಿದ್ದವು. ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು, ಫಾರ್ಮ್ಯಾಟ್ ಅನ್ನೋ ಪದ ಬಾಯಿಗೆ ತರುವ ಧೈರ್ಯ ಆಗಲಿಲ್ಲ.

ಸರಿ, ತುಂಡು ಮಾಡೋಣ ಅಂದುಕೊಂಡೆ. ಇಡೀ ಡಿಸ್ಕನ್ನು ತುಂಡು ಡಿಸ್ಕಾಗಿ, ತುಂಡನ್ನು ಮತ್ತೆ ಇಡಿಯಾಗಿ ಬದಲಾಯಿಸಲು ವಿಎಂವೇರ್ ಜೊತೆಗೇ ಒಂದು ಕಮಾಂಡು ಬರುತ್ತೆ. 40 ಜಿಬಿ ಅಂತ ಮಾರುವ ಡಿಸ್ಕು ಕಂಪ್ಯೂಟರಿನ ಲೆಕ್ಕದಲ್ಲಿ 37 ಚಿಲ್ಲರೆ. ಒಂದೊಂದು ತುಂಡು 2047 ಎಂಬಿ. ಅಲ್ಲಿಗೆ ಹತ್ತೊಂಬತ್ತು ತುಂಡು. ಎಸ್001ರಿಂದ ಎಸ್019ರ ತನಕ ಹೆಸರು. ಖಾಲಿ ಜಾಗದ ಪಾಲಿಗೆ ಬಂದ ತುಂಡುಗಳು ಕೆಲವು ನೂರು ಕೆಬಿ, ತುಂಬಿದವು ಪೂರ್ತಿ ಎರಡು ಜಿಬಿ. ಇವೆಲ್ಲದರ ಮೇಲೆ ಇಪ್ಪತ್ತನೆಯದಾಗಿ ಒಂದು ಪುಟ್ಟ ಫೈಲು. ಅದರಲ್ಲಿ ಮಾಲು ಏನೂ ಇರಲ್ಲ. ಯಾವ ತುಂಡು ಎಷ್ಟು ಅಳತೆ, ಹೆಸರೇನು ಅಂತ ಸಾಲಾಗಿ ಬರೆದಿರುತ್ತೆ, ಅಷ್ಟೇ. ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು.

ಮಾವನಿಗೆ ಅದನ್ನು ತೋರಿಸಿದೆ. ಮೂವತ್ತು ವರ್ಷ ಪಾಲುಪಟ್ಟಿ ಬರೆದವನಿಗೆ ನಾನು ವಿವರಿಸುವುದೇನು?

"ಓಹೋ, ಇದು ಷೆಡ್ಯೂಲು. ಹಿಸ್ಸಾ ಹತ್ತೊಂಬತ್ತು, ಇಂತಿಂಥವರಿಗೆ ಇಂತಿಷ್ಟು ಅಂತ" ಅಂದ. ಆಮೇಲೆ ಸ್ವಲ್ಪ ಹೊತ್ತು ಪರದೆ ನೋಡಿ, "ಲೇ, ಇದ್ರಾಗೆ ಎಲ್ಲರ ಸಹಿ ಬೇಕೋ, ಒಬ್ಬ ಬರದಿದ್ರೂ ನಡೀತದೋ?" ಅಂತ ಕೇಳಿದ.

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದ. ಒಂದೇ ಒಂದು ತುಂಡು ಕಾಣದಿದ್ದರೂ ಆ ಡಿಸ್ಕು ತೆರೆಯುವುದಿಲ್ಲ. ಜಂಟಿ ಖಾತೆಯ ಜಮೀನು ಮಾರುವಾಗ ಹದಿನೆಂಟು ಜನ ಬಂದು ರಿಜಿಸ್ಟರ್ ಆಫೀಸಿನಲ್ಲಿ ಕೂತು, ಮುಂಬೈಗೆ ಹೋದ ಹತ್ತೊಂಬತ್ತನೆಯವನು ಬರದಿದ್ದರೆ ಏನಾಗುತ್ತೋ ಅದೇ. ನಾನು "ಎಲ್ಲರೂ ಬರ್ತಾರೆ ಮಾವ, ಯೋಚನೆ ಮಾಡಬೇಡ" ಅಂದೆ.

ಕಾಪಿಗೆ ಹಾಕಿದೆ. ಏಳೂವರೆಗೆ ಬಸ್ಸು. ಏಳು ಗಂಟೆಗೆ ಅತ್ತೆ ಚಪಾತಿ ಕಟ್ಟಿ ಕೊಟ್ಟರು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅಷ್ಟರಲ್ಲಿ ಬ್ಯಾಗು ತಗಲಿ ಪೆನ್‌ಡ್ರೈವ್ ಸ್ವಲ್ಪ ಅಲುಗಿತು. ಪರದೆಯ ಮೇಲೆ ಒಂದು ಸಣ್ಣ ಕಿಟಕಿ ಬಂತು: ಮತ್ತೆ ಪ್ರಯತ್ನಿಸಲೋ, ಬಿಟ್ಟು ಮುಂದೆ ಹೋಗಲೋ, ನಿಲ್ಲಿಸಲೋ? ಒಂದು ಕೈಯಲ್ಲಿ ಶೂ ಲೇಸು, ಇನ್ನೊಂದು ಕೈಯಲ್ಲಿ ಮೌಸು. ಬಿಟ್ಟು ಮುಂದೆ ಹೋಗು ಅನ್ನೋದನ್ನು ಒತ್ತಿದೆ. ಒತ್ತಿದ್ದು ಗಮನಕ್ಕೂ ಬರಲಿಲ್ಲ. ಉಳಿದದ್ದೆಲ್ಲ ಕಾಪಿ ಆಯಿತು. ಪೆನ್‌ಡ್ರೈವನ್ನು ಮಾವನ ಕೈಗಿಟ್ಟು ಓಡಿದೆ.

ಸೋಮವಾರ ಆಫೀಸಿನಲ್ಲಿ ಲ್ಯಾಪ್‌ಟಾಪಿನ ಡಿಸ್ಕು ತುಂಬಿ ಕೆಲಸ ನಿಂತಿತು. ಆಗ ಹೊಸದಾಗಿ ಹಾಕಿಸಿದ್ದ 120 ಜಿಬಿಯ ಎಸ್‌ಎಸ್‌ಡಿ, ಅದರ ವೇಗದ ಬಗ್ಗೆ ಬಲು ಜಂಬ. ಮಾವನ ಡಿಸ್ಕಿನ ಇಡಿ ಫೈಲು, ತುಂಡುಗಳು ಎರಡನ್ನೂ ಅಳಿಸಿದೆ. ಪೆನ್‌ಡ್ರೈವಿನಲ್ಲಿ ಇದೆಯಲ್ಲ. ಹಳೇ ಕಂಪ್ಯೂಟರೂ ಇದೆಯಲ್ಲ.

ನಮ್ಮಪ್ಪ ಹಿರಿಯೂರು ಸೀಮೆಯಲ್ಲಿ ಕುರಿ ಸಾಕಿದವನು. ಸಂಜೆ ಕುರಿ ಹೊಡಕೊಂಡು ಬಂದಮೇಲೆ ಎಣಿಸದೆ ಒಂದು ದಿನವೂ ಹಟ್ಟಿ ಬಾಗಿಲು ಹಾಕಿದವನಲ್ಲ. ಮಳೆ ಬರಲಿ, ಜ್ವರ ಇರಲಿ, ಬಾಗಿಲಲ್ಲಿ ನಿಂತು ಜೋಡಿ ಜೋಡಿಯಾಗಿ ಎಣಿಸಿಯೇ ಒಳಗೆ ಬಿಡುತ್ತಿದ್ದ. ಅವನ ಮಗ ಬಿಇ ಓದಿ ಹತ್ತೊಂಬತ್ತು ಫೈಲು ಎಣಿಸಲಿಲ್ಲ.

ಬುಧವಾರ ಹೊಸ ಕಂಪ್ಯೂಟರ್ ಬಂತು. ಫೋನಿನಲ್ಲಿ ಹೇಳಿದ ಹಾಗೆ ಮಾವ ಎಲ್ಲಾ ಮಾಡಿದ. ಡಿಸ್ಕು ತೆರೆಯಲಾಗುತ್ತಿಲ್ಲ, ಫೈಲು ಸಿಗುತ್ತಿಲ್ಲ ಅಂತ ಬಂತು. ಒಂದೊಂದೇ ಹೆಸರು ಓದು ಮಾವ ಅಂದೆ. ಅವನು ಮಗ್ಗಿ ಹೇಳಿದ ಹಾಗೆ ಓದಿದ. "ಎಸ್ ಸೊನ್ನೆ ಒಂದು ಒಂದು. ಎಸ್ ಸೊನ್ನೆ ಒಂದು ಎರಡು. ಎಸ್ ಸೊನ್ನೆ ಒಂದು ನಾಲ್ಕು."

"ನಿಲ್ಲು ಮಾವ. ಮೂರು?"

"ಮೂರು ಇಲ್ಲ ಕಣೋ."

"ಹಳೇ ಕಂಪ್ಯೂಟರ್ ಆನ್ ಮಾಡು."

"ಅದು ಸೋಮವಾರದಿಂದ ಆನ್ ಆಗ್ತಿಲ್ಲ. ನೀನು ಎಲ್ಲಾ ತಗೊಂಡೀಯಲ್ಲ ಅಂತ ನಾನು ಹೇಳ್ಲಿಲ್ಲ."

ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಲ್ಯಾಪ್‌ಟಾಪಿನಿಂದ ಅಳಿಸಿದ್ದನ್ನು ಮೇಲೆತ್ತಲು ರಾತ್ರಿಯೆಲ್ಲ ಒದ್ದಾಡಿದೆ. ಹಳೇ ಕಾಲದ ಡಿಸ್ಕಾಗಿದ್ದರೆ ಸಿಗುವ ಸಾಧ್ಯತೆ ಇತ್ತು. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫೈಲು ಅಳಿಸಿದ ಕೂಡಲೇ ಈ ಜಾಗ ಇನ್ನು ಬೇಡ ಅಂತ ವಿಂಡೋಸ್ ಡಿಸ್ಕಿಗೆ ಹೇಳಿಬಿಡುತ್ತೆ, ಡಿಸ್ಕು ಅದನ್ನು ಒಳಗೇ ಗುಡಿಸಿ ಇಡುತ್ತೆ. ಟ್ರಿಮ್ ಅಂತಾರೆ. ನಾನು ಜಂಬ ಪಟ್ಟ ವೇಗಕ್ಕೆ ಅದೂ ಒಂದು ಕಾರಣ.

ಮುಂದಿನ ಶನಿವಾರ ಮತ್ತೆ ಹೊಸದುರ್ಗ. ಈ ಸಲ ಮಾವ ಬೀದಿಯಲ್ಲಿ ಯಾರಿಗೂ ಪರಿಚಯ ಮಾಡಿಸಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತುಂಡು ಡಿಸ್ಕಿನ ಒಂದು ಗುಣ ನನ್ನ ಕೈ ಹಿಡಿದಿದ್ದು ಆಗಲೇ. ಅಷ್ಟೇ ಅಳತೆಯ, ಅಷ್ಟೇ ತುಂಡುಗಳ ಒಂದು ಹೊಸ ಖಾಲಿ ಡಿಸ್ಕು ಮಾಡಿದೆ. ಅದರ ಹದಿಮೂರನೇ ತುಂಡನ್ನು ತೆಗೆದು, ಕಳೆದುಹೋದದ್ದರ ಹೆಸರಿಟ್ಟು, ಮಾವನ ಹದಿನೆಂಟರ ನಡುವೆ ಕೂರಿಸಿದೆ. ಮದುವೆ ದಿಬ್ಬಣದಲ್ಲಿ ಬಾರದ ನೆಂಟನ ಜಾಗದಲ್ಲಿ ಯಾರನ್ನೋ ನಿಲ್ಲಿಸಿದ ಹಾಗೆ. ಆನ್ ಆಯಿತು! ಸಿ ಡ್ರೈವ್ ಇದ್ದದ್ದು ಮೊದಲ ತುಂಡುಗಳಲ್ಲಿ, ಅದಕ್ಕೆ ಏನೂ ಆಗಿರಲಿಲ್ಲ. ಡಿ ಡ್ರೈವೂ ತೆರೆಯಿತು. ಪಾಲುಪಟ್ಟಿಯ ಮಾದರಿಗಳು, ಕ್ರಯಪತ್ರಗಳು, ಅರ್ಜಿಗಳು ಎಲ್ಲಾ ಇದ್ದವು. ಒಂದೇ ಫೈಲಿನ ಡಿಸ್ಕಾಗಿದ್ದು ನಡುವೆ ಕಾಪಿ ಕೆಟ್ಟಿದ್ದರೆ ಇಷ್ಟು ಸಲೀಸಾಗಿ ರಿಪೇರಿ ಆಗುತ್ತಿರಲಿಲ್ಲ. ತುಂಡು ಮಾಡಿದ್ದರಿಂದಲೇ ಒಂದು ತುಂಡು ಹೋಯಿತು, ತುಂಡು ಮಾಡಿದ್ದರಿಂದಲೇ ಒಂದೇ ತುಂಡು ಹೋಯಿತು.

ಮಾವ ಒಂದೊಂದೇ ಫೋಲ್ಡರ್ ತೆರೆದು ನೋಡುತ್ತಾ ಬಂದ. ಕೆಲವು ಲಗ್ನಪತ್ರಿಕೆ ಖಾಲಿ. "ಹೋಗ್ಲಿ, ಅವ್ರಿಗೆಲ್ಲ ಮಕ್ಳಾಗ್ಯಾವೆ" ಅಂದ. ಕೆಲವು ಸ್ಕ್ಯಾನ್ ಖಾಲಿ. ಕೊನೆಗೆ 'ಅವ್ವನ ಪದ' ಅನ್ನೋ ಫೋಲ್ಡರ್ ತೆರೆದ. ಆಮೇಲೆ ಮಾತಾಡಲಿಲ್ಲ.

ಅಂಥದ್ದೊಂದು ಫೋಲ್ಡರ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮಜ್ಜಿ ಹಾಡುಗಾತಿ. ಬೀಸೋ ಪದ, ಸೋಬಾನೆ ಪದ, ತೊಟ್ಟಿಲ ಪದ, ಹಸೆಗೆ ಕರೆಯುವ ಪದ, ಎಲ್ಲಾ ಬಾಯಲ್ಲೇ. ಓದು ಬರಹ ಇಲ್ಲ. ಅಜ್ಜಿಗೆ ಹುಷಾರು ತಪ್ಪಿದ ಕಡೆಯ ವರ್ಷ, 2012ರಲ್ಲಿ, ಮಾವ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವಳ ಹತ್ತಿರ ಕೂತು ಹಾಡಿಸಿಕೊಂಡು, ಚೀಟಿಯಲ್ಲಿ ಗೀಚಿಕೊಂಡು, ಬೆಳಗ್ಗೆ ಗಿರಾಕಿ ಬರುವ ಮುಂಚೆ ಟೈಪ್ ಮಾಡಿಡುತ್ತಿದ್ದನಂತೆ. ಚೀಟಿಗಳು ಎಂದೋ ಹೋಗಿದ್ದವು, ಟೈಪ್ ಆಯ್ತಲ್ಲ ಅಂತ. ಒಂದೊಂದು ಪದಕ್ಕೆ ಒಂದೊಂದು ನೋಟ್‌ಪ್ಯಾಡ್ ಫೈಲು, ಮೊದಲ ಮಾತೇ ಫೈಲಿನ ಹೆಸರು. ಒಟ್ಟು 64. ಒಂದೇ ಕಾಲದಲ್ಲಿ ಬರೆದ ಫೈಲುಗಳು ಡಿಸ್ಕಿನಲ್ಲೂ ಹೆಚ್ಚಾಗಿ ಅಕ್ಕಪಕ್ಕ ಕೂತಿರುತ್ತವೆ. ಇವೆಲ್ಲ ಕೂತಿದ್ದು ಹದಿಮೂರನೇ ತುಂಡಿನಲ್ಲಿ.

ಆದರೆ ಎಲ್ಲವೂ ಹೋಗಿರಲಿಲ್ಲ. 23 ಫೈಲು ತೆರೆದರೆ ಪದ ಹಾಗೇ ಇತ್ತು. ಎಲ್ಲಾ ಮೂರು ಸಾಲಿನ, ಆರು ಸಾಲಿನ ಸಣ್ಣ ಪದಗಳು. ನನಗೆ ಮೊದಲು ಅರ್ಥ ಆಗಲಿಲ್ಲ, ಆಮೇಲೆ ಹೊಳೆಯಿತು. ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಎಲ್ಲಾ ಫೈಲುಗಳಿಗೂ ಒಂದು ಹಾಜರಿ ಪುಸ್ತಕ ಇರುತ್ತೆ. ಹೆಸರು, ತಾರೀಕು, ಮಾಲು ಎಲ್ಲಿದೆ ಅನ್ನೋದೆಲ್ಲ ಅದರಲ್ಲಿ. ಸುಮಾರು 700 ಬೈಟಿಗಿಂತ ಸಣ್ಣ ಫೈಲಾದರೆ ಅದಕ್ಕೆ ಬೇರೆ ಜಾಗ ಯಾಕೆ ಅಂತ ಆ ಪುಸ್ತಕದ ಸಾಲಿನಲ್ಲೇ ಬರೆದಿಡುತ್ತೆ. ಮಾವನ ಡಿಸ್ಕಿನಲ್ಲಿ ಆ ಪುಸ್ತಕ ಬೇರೆ ತುಂಡಿನಲ್ಲಿತ್ತು. ಹಾಗಾಗಿ ಸಣ್ಣ ಪದಗಳು ಪೂರ್ತಿ ಉಳಿದವು, ದೊಡ್ಡ ಪದಗಳ ಹೆಸರು ಮಾತ್ರ ಉಳಿಯಿತು. ಒಳಗೆ ತೆರೆದರೆ ಬರೀ ಬಯಲು.

ನಾನು ಕ್ಷಮಿಸು ಮಾವ ಅಂತ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, "ಪ್ರಿಂಟ್ ತೆಗೆದು ಇಟ್ಕೊಬೇಕಿತ್ತು. ಊರೋರಿಗೆಲ್ಲ ಎರಡು ಕಾಪಿ ಇಟ್ಕೊಳ್ರಪ್ಪ ಅಂತ ಹೇಳ್ತೀನಿ" ಅಂದ. ನನ್ನ ತಪ್ಪನ್ನು ಅವನು ತನ್ನ ತಲೆಗೆ ಎಳಕೊಂಡಿದ್ದು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಸಂಜೆ ಅತ್ತೆಯೇ ದಾರಿ ತೋರಿಸಿದ್ದು. "ಹೆಸರು ಐತಲ್ಲ, ಅಕ್ಕಂದ್ರಿಗೆ ಫೋನ್ ಮಾಡಿ ಕೇಳ್ರಿ. ಅವ್ವ ಹಾಡೋವಾಗ ಅವರೂ ದನಿ ಕೂಡಿಸ್ತಿರ್ಲಿಲ್ವಾ?" ಅಂದರು. 41 ಹೆಸರುಗಳ ಪಟ್ಟಿ ಬರೆದುಕೊಂಡೆವು. ಮೊದಲು ನಮ್ಮಮ್ಮನಿಗೆ, ಹಿರಿಯೂರಿಗೆ. ಅಮ್ಮನಿಗೆ ಬೀಸೋ ಪದಗಳು ಹೆಚ್ಚು ನೆನಪು. ಅಜ್ಜಿಯ ಎದುರು ಕೂತು ರಾಗಿ ಬೀಸಿದವಳು ಅವಳೇ. ಹೊಳಲ್ಕೆರೆಯ ದೊಡ್ಡಮ್ಮನಿಗೆ ಮದುವೆ ಪದಗಳು. ಆ ಕಡೆ ಯಾರ ಮನೆಯಲ್ಲಿ ಚಪ್ಪರ ಹಾಕಿದರೂ ದೊಡ್ಡಮ್ಮನಿಗೆ ಕರೆ ಬರುತ್ತಿತ್ತು. ಚಿತ್ರದುರ್ಗದ ಚಿಕ್ಕಮ್ಮ ಕೊನೆಯವಳು. ಅವಳಿಗೆ ತೊಟ್ಟಿಲ ಪದ, ತನ್ನ ಮಕ್ಕಳಿಗೆ ಹಾಡಿದ್ದು. ಸ್ಪೀಕರ್ ಹಾಕಿ ಅವರು ಹಾಡುವುದು, ಮಾವ ಟೈಪ್ ಮಾಡುವುದು. ಒಂದು ಪದವನ್ನು ಮೂವರೂ ಮೂರು ಥರ ಹಾಡಿದರು. ಯಾವುದು ಸರಿ ಅಂತ ನಾನು ಕೇಳಿದೆ. "ಮೂರೂ ಇರ್ಲಿ ಬಿಡು" ಅಂದ ಮಾವ.

ಎರಡು ವಾರದಲ್ಲಿ 41ರಲ್ಲಿ 29 ವಾಪಸ್ ಬಂದವು. 12 ಯಾರಿಗೂ ಬರಲಿಲ್ಲ.

ಈಗ ಆ ಹುಡುಗನ ಪ್ರಶ್ನೆ. ನಮ್ಮ ಚಿತ್ರದುರ್ಗದ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಇದು ಮಾರಿಕಣಿವೆಯೋ ಊರೂರ ಕೆರೆಯೋ ಅನ್ನೋ ಪ್ರಶ್ನೆ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1897ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. ವೇದಾವತಿಗೆ ಅಡ್ಡ ಎರಡು ಗುಡ್ಡದ ನಡುವೆ ಒಂದು ಗೋಡೆ, ಹಿಂದೆ 30 ಟಿಎಂಸಿ ಹಿಡಿಯುವ ಒಂದೇ ಕಟ್ಟು ನೀರು. ಕಾಯೋದು ಒಂದು ಕಡೆ, ಅಳೆಯೋದು ಒಂದು ಕಡೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲೇ. ಊರ ಕೆರೆಗಳು ಹಾಗಲ್ಲ. ಒಂದು ಒಡೆದರೆ ಆ ಊರಿನದು ಹೋಯಿತು, ಪಕ್ಕದೂರಿನದು ಇದೆ. ಆದರೆ ಅಷ್ಟು ಏರಿ ನೋಡಿಕೊಳ್ಳಬೇಕು, ಅಷ್ಟು ತೂಬು ಕಾಯಬೇಕು. ಯಾವುದೋ ಒಂದು ಏರಿಯಲ್ಲಿ ಏಡಿ ಬಿಲ ತೋಡಿದ್ದು ಗೊತ್ತಾಗುವುದೇ ಇಲ್ಲ.

ಡಿಸ್ಕಿನ ವಿಷಯಕ್ಕೆ ಬಂದರೆ, ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟು ಓಡಿಸುವುದಾದರೆ ಇಡಿಯಾಗಿ ಇಡಿ. ಫೈಲು ಕಡಿಮೆ, ತಪ್ಪಿಹೋಗುವುದೂ ಕಡಿಮೆ. ಫ್ಯಾಟ್32 ಪೆನ್‌ಡ್ರೈವಿನಲ್ಲಿ ಹೊರುವುದಾದರೆ ತುಂಡು ಮಾಡದೆ ವಿಧಿಯಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆದರೆ ಆ ತೊಂದರೆ ಇಲ್ಲ. ನಡುವೆ ನಿಂತು ನಿಂತು ಕಾಪಿ ಆಗುವ ಕಡೆ, ಬದಲಾದ ಫೈಲನ್ನಷ್ಟೇ ಬ್ಯಾಕಪ್ ತೆಗೆಯುವ ಕಡೆ ತುಂಡುಗಳು ಅನುಕೂಲ. ಡಿಸ್ಕನ್ನು ಕುಗ್ಗಿಸಿ ಜಾಗ ಉಳಿಸುವಾಗಲೂ ಅಷ್ಟೆ. ತುಂಡು ತುಂಡಾಗಿ ಕೆಲಸ ನಡೆಯುವುದರಿಂದ ಹೊರಗೆ ಖಾಲಿ ಜಾಗ ಕಡಿಮೆ ಸಾಕು. ವೇಗದ ವ್ಯತ್ಯಾಸ ಇವತ್ತಿನ ಎಸ್‌ಎಸ್‌ಡಿಗಳಲ್ಲಿ ನಮ್ಮಂಥವರ ಕೆಲಸಕ್ಕೆ ಗೊತ್ತಾಗುವಷ್ಟು ಇಲ್ಲ. ಇವತ್ತು ಒಂದು ಒತ್ತಿ ನಾಳೆ ಬೇಡವೆನಿಸಿದರೆ ಬದಲಾಯಿಸಲೂಬಹುದು. ಅದಕ್ಕಾಗಿ ನಿದ್ದೆ ಕೆಡಬೇಕಿಲ್ಲ.

ನಿದ್ದೆ ಕೆಡಬೇಕಾದ್ದು ಬೇರೆಯದಕ್ಕೆ. ಕಾಪಿ ಆದಮೇಲೆ ಎಣಿಸಿದಿರಾ? ಎರಡೂ ಕಡೆ ಫೈಲು ಒಂದೇ ಅಂತ ಚೆಕ್‌ಸಮ್ ಹಾಕಿ ನೋಡಿದಿರಾ? ಅಲ್ಲಿ ಆನ್ ಆಗಿ ಓಡುವ ತನಕ ಇಲ್ಲಿಯದನ್ನು ಅಳಿಸದೆ ಇಟ್ಟಿರಾ? ಕಣ್ಣಿಗೆ ಮುಖ್ಯ ಅಂತ ಕಾಣದ ಫೋಲ್ಡರುಗಳನ್ನು ಬೇರೆ ಒಂದು ಕಡೆ ಸುಮ್ಮನೆ ಕಾಪಿ ಮಾಡಿಟ್ಟಿರಾ? ಯಾಕಂದರೆ ಯಾರ ಡಿಸ್ಕಿನಲ್ಲಿ ಯಾವುದು ಮುಖ್ಯ ಅಂತ ಇಂಜಿನಿಯರಿಗೆ ಗೊತ್ತಿರಲ್ಲ. ನಾನು ಪಾಲುಪಟ್ಟಿ ಉಳಿಸಲು ಹೋಗಿದ್ದೆ.

ಹುಡುಗ ಇಷ್ಟೆಲ್ಲ ಕೇಳಿ, "ಹಾಗಾದ್ರೆ ಯಾವುದು ಸರ್?" ಅಂದ. "ತುಂಡೇ ಒತ್ತು. ಎಷ್ಟು ತುಂಡು ಅಂತ ಬರೆದಿಟ್ಕೋ" ಅಂದೆ.

ಮಾವ ಈಗ ಯೂನಿಕೋಡಿಗೆ ಬಂದಿದ್ದಾನೆ. ಹಳೇ ಎಕ್ಸ್‌ಪಿ ಅವನ ಹೊಸ ಕಂಪ್ಯೂಟರಿನೊಳಗೆ ಇನ್ನೂ ಇದೆ, ಯಾರಾದರೂ ಹಳೇ ಪತ್ರದ ನಕಲು ಕೇಳಿದಾಗ ತೆಗೆಯುತ್ತಾನೆ. ಅಜ್ಜಿಯ ಪದಗಳನ್ನು ಹೊಸದಾಗಿ ಟೈಪ್ ಮಾಡಿ, ನಾಲ್ಕು ಪ್ರಿಂಟ್ ತೆಗೆದು ಬೈಂಡ್ ಹಾಕಿಸಿದ. ಮೂವರು ಅಕ್ಕತಂಗಿಯರಿಗೆ ಒಂದೊಂದು, ತನಗೊಂದು. ಖಾಲಿ ಉಳಿದ 12 ಪದಗಳಿಗೂ ಒಂದೊಂದು ಹಾಳೆ ಇದೆ, ಮೇಲೆ ಹೆಸರು, ಕೆಳಗೆ ಬಯಲು. ಅವನ್ನು ತೆಗೆದುಬಿಡೋಣ ಅಂತ ಬೈಂಡಿಂಗಿನವನು ಹೇಳಿದ್ದನಂತೆ, ಮಾವ ಒಪ್ಪಲಿಲ್ಲ.

ಹೋದ ವರ್ಷ ಹೊಳಲ್ಕೆರೆಯಲ್ಲಿ ದೊಡ್ಡಮ್ಮನ ಮೊಮ್ಮಗನ ಮದುವೆ. ಹಸೆಯ ಹತ್ತಿರ ಬೀಗರ ಕಡೆಯ ಒಬ್ಬ ಮುದುಕಿ ಪದ ತೆಗೆದಳು. ಊಟದ ಪಂಕ್ತಿಯಲ್ಲಿ ಕೂತಿದ್ದ ಮಾವ ಎಲೆ ಬಿಟ್ಟು ಎದ್ದು ಹೋದ. ಕೈ ತೊಳೆಯಲೂ ಇಲ್ಲ, ಎಡಗೈಯಲ್ಲಿ ಮೊಬೈಲು ಹಿಡಿದು ರೆಕಾರ್ಡ್ ಮಾಡುತ್ತಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಮುಗಿದ ಮೇಲೆ ನನ್ನ ಕಡೆ ತಿರುಗಿ, ಅನ್ನ ಒಣಗಿದ ಬಲಗೈಯ ಬೆರಳೆತ್ತಿ ತೋರಿಸಿದ. ಒಂದು.

ಈಗ ಹನ್ನೊಂದು ಹಾಳೆ ಖಾಲಿ ಇವೆ.